ತಾಯಿನೀರಿನ ಹರಳು

ಜೂನ್ ತಿಂಗಳ ಮಳೆ ಹೊಳವಾದ ಸಂಜೆ ಬೆಂಗಳೂರಿನ ಉಲ್ಲಾಳ ಮುಖ್ಯರಸ್ತೆಯಲ್ಲಿ ತಳ್ಳುಗಾಡಿಯವರು ಹಲಸಿನ ಹಣ್ಣು ಬಿಡಿಸುತ್ತ ನಿಂತಿರುತ್ತಾರೆ. ಕೈಗೂ ಚಾಕುವಿಗೂ ಎಣ್ಣೆ ಸವರಿಕೊಂಡು, ಮೇಣ ಹತ್ತದ ಹಾಗೆ ಒಂದೊಂದೇ ತೊಳೆ ಎತ್ತಿ ಪೇಪರಿನ ಮೇಲಿಡುತ್ತಾರೆ. ನಾನು ತೊಳೆಯ ಜೊತೆಗೆ ಬೀಜವನ್ನೂ ಕೇಳುತ್ತೇನೆ. "ಬೀಜಕ್ಕೇನು ಕಾಸು, ಸುಮ್ನೆ ತಗೊಂಡ್ಹೋಗಕ್ಕ" ಎಂದು ಅವರು ಒಂದು ಹಿಡಿ ತುಂಬಿ ಕೊಡುತ್ತಾರೆ. ಮನೆಗೆ ತಂದು ಹಳೇ ಪಂಚೆಯ ಮೇಲೆ ಹರವುತ್ತೇನೆ. ಸಾರಿಗೆ ಹಾಕುವ ಮೊದಲು ಅದರಲ್ಲೊಂದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡುವುದು ನನ್ನ ಹಳೆಯ ಅಭ್ಯಾಸ.

ಈ ಬೀಜದಲ್ಲಿ ಜಾಕಲಿನ್ ಎಂಬ ಪ್ರೊಟೀನ್ ಇದೆ. ಹಲಸಿನ ಇಂಗ್ಲಿಷ್ ಹೆಸರಿನಿಂದಲೇ ಅದಕ್ಕೆ ಆ ಹೆಸರು. ಸಕ್ಕರೆಯ ಅಣುಗಳನ್ನು ಗುರುತು ಹಿಡಿದು ಅಂಟಿಕೊಳ್ಳುವ ಲೆಕ್ಟಿನ್ ಎಂಬ ಕುಲಕ್ಕೆ ಸೇರಿದ್ದು. ಅದರ ಆಕಾರವನ್ನು ಪರಮಾಣು ಪರಮಾಣುವಾಗಿ ಜಗತ್ತಿಗೆ ಮೊದಲು ತೋರಿಸಿದ್ದು ಇದೇ ಊರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಅಣು ಜೀವಭೌತ ವಿಭಾಗದಲ್ಲಿ ಎಂ. ವಿಜಯನ್ ಅವರ ಗುಂಪು 1996ರಲ್ಲಿ ಅದನ್ನು ಪ್ರಕಟಿಸಿತು. ಜ್ಞಾನಭಾರತಿ ನಿಲ್ದಾಣದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡರೆ ಮಧ್ಯಾಹ್ನದ ಊಟದೊಳಗೆ ಹೋಗಿ ಬರಬಹುದಾದ ಜಾಗ.

ಅವರು ಕಂಡದ್ದನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಬೀಜದೊಳಗೆ ಈ ಪ್ರೊಟೀನ್ ಮೊದಲು ಒಂದೇ ಸರಪಳಿಯಾಗಿ ಹುಟ್ಟುತ್ತದೆ. ಆಮೇಲೆ ಬೀಜವೇ ಅದನ್ನು ಕತ್ತರಿಸುತ್ತದೆ. 133 ಕೊಂಡಿಗಳ ಉದ್ದ ತುಂಡು ಒಂದು, 20 ಕೊಂಡಿಗಳ ಗಿಡ್ಡ ತುಂಡು ಒಂದು. ಹಾಗೆ ಕತ್ತರಿಸಿದ ಜಾಗದಲ್ಲಿ ಉದ್ದ ಸರಪಳಿಗೆ ಹೊಸದೊಂದು ತುದಿ ಹುಟ್ಟುತ್ತದಲ್ಲ, ಆ ತುದಿಯೇ ಗ್ಯಾಲಕ್ಟೋಸ್ ಎಂಬ ಸಕ್ಕರೆಯನ್ನು ಹಿಡಿಯುವ ಬೆರಳಾಗುತ್ತದೆ. ಗಾಯವಾದ ಕಡೆಯೇ ಕೈ ಮೂಡಿದ ಹಾಗೆ. ಅದೇ ಹಲಸಿನ ಬೀಜದಲ್ಲಿ ಆರ್ಟೊಕಾರ್ಪಿನ್ ಎಂಬ ಇನ್ನೊಂದು ಲೆಕ್ಟಿನ್ ಇದೆ. ಸರಪಳಿ ಮಡಿಚಿಕೊಂಡ ರೀತಿಯಲ್ಲಿ ಜಾಕಲಿನ್ನಿನ ಅಕ್ಕತಂಗಿ. ಆದರೆ ಅದರ ಸರಪಳಿ ತುಂಡಾಗುವುದಿಲ್ಲ. ಅದಕ್ಕೆ ಬೇಕಾದ ಸಕ್ಕರೆಯೇ ಬೇರೆ, ಮ್ಯಾನೋಸ್. ಒಂದು ಕತ್ತರಿ ಪ್ರಯೋಗದಿಂದ ರುಚಿ ಬದಲಾಯಿತು. ನಾವು ಉಪ್ಪು ಖಾರ ಹಾಕಿ ಬೇಯಿಸಿ ತಿನ್ನುವ ಬೀಜದಲ್ಲಿ ಇಷ್ಟು ಸಂಗತಿ ನಡೆದಿರುತ್ತದೆ.

ಇಂಥ ಆಕಾರ ಕಾಣಲು ಪ್ರೊಟೀನನ್ನು ಹರಳಾಗಿಸಿ ಕ್ಷ-ಕಿರಣಕ್ಕೆ ಒಡ್ಡುತ್ತಾರೆ. ನಾನು ಹಿಂದೆ ಕೆಲವು ವರ್ಷ ಈ ನಗರದ ಒಂದು ಪ್ರಯೋಗಾಲಯದಲ್ಲಿ ಪ್ರೊಟೀನ್ ಹರಳು ಬೆಳೆಸುವ ಕೆಲಸಕ್ಕೆ ಸಹಾಯಕಿಯಾಗಿದ್ದೆ. ಆಗ ಕಲಿತದ್ದು ಸ್ವಲ್ಪ, ಬೆರಗಾದದ್ದು ಬಹಳ. ಕೆಲಸ ಬಿಟ್ಟು ಉಲ್ಲಾಳಕ್ಕೆ ಬಂದು ನೆಲೆಸಿದ ಮೇಲೂ ಆ ಬೆರಗು ಮಾತ್ರ ನನ್ನನ್ನು ಬಿಟ್ಟಿಲ್ಲ.

ಹರಳು ಎಂದರೆ ನಮಗೆಲ್ಲ ನೆನಪಾಗುವುದು ಕಲ್ಲುಸಕ್ಕರೆ, ಕಲ್ಲುಪ್ಪು, ಉಂಗುರದ ಕೆಂಪು. ಗಟ್ಟಿ, ಒಣ, ಹಲ್ಲಿಗೆ ಸಿಕ್ಕರೆ ಕಟಕ್ ಎನ್ನುವಂಥದ್ದು. ಪ್ರೊಟೀನಿನ ಹರಳು ಹಾಗಲ್ಲ. ಅದರ ಮೈಯಲ್ಲಿ ಸುಮಾರು ಅರ್ಧ ಬರೀ ನೀರು. ಬ್ರಯಾನ್ ಮ್ಯಾಥ್ಯೂಸ್ ಎಂಬುವರು 1968ರಲ್ಲಿ ನೂರಕ್ಕೂ ಹೆಚ್ಚು ಬಗೆಯ ಪ್ರೊಟೀನ್ ಹರಳುಗಳನ್ನು ಲೆಕ್ಕ ಹಾಕಿ ನೋಡಿದಾಗ, ಕೆಲವದರಲ್ಲಿ ನೂರಕ್ಕೆ 27 ಪಾಲು, ಕೆಲವದರಲ್ಲಿ 65 ಪಾಲಿನವರೆಗೆ ದ್ರವವೇ ಇತ್ತು. ಅಂದರೆ ಅದು ಸಾಲಾಗಿ ನಿಂತ ನೀರು ಎಂದರೂ ತಪ್ಪಲ್ಲ. ಅಣುಗಳು ಒಂದನ್ನೊಂದು ಅಲ್ಲಲ್ಲಿ ಬೆರಳ ತುದಿಯಿಂದ ಮುಟ್ಟಿಕೊಂಡು ನಿಂತಿರುತ್ತವೆ. ನಡುವಿನ ಓಣಿಗಳಲ್ಲೆಲ್ಲ ನೀರು. ಸೂಜಿ ಮೊನೆಯಿಂದ ಒತ್ತಿದರೆ ಉಪ್ಪಿನ ಹರಳು ಟಿಕ್ ಎಂದು ಸದ್ದು ಮಾಡುತ್ತದೆ. ಪ್ರೊಟೀನಿನ ಹರಳು ಬೆಂದ ಬೇಳೆಯ ಹಾಗೆ ಮೆತ್ತಗೆ ಉದುರುತ್ತದೆ.

ಅದನ್ನು ಬೆಳೆಸುವ ಪಾತ್ರೆ ನೋಡಿದರೆ ಪಡ್ಡಿನ ಹಂಚು ನೆನಪಾಗುತ್ತದೆ. ಇಪ್ಪತ್ತನಾಲ್ಕು ಗುಳಿಗಳ ಪ್ಲಾಸ್ಟಿಕ್ ತಟ್ಟೆ. ಪ್ರತಿ ಗುಳಿಯಲ್ಲೂ ಸ್ವಲ್ಪ ಉಪ್ಪುನೀರು, ಅಥವಾ ಬೇರೆ ಯಾವುದಾದರೂ ದ್ರಾವಣ. ತೆಳು ಗಾಜಿನ ಕವರ್‌ಸ್ಲಿಪ್ ಮೇಲೆ ಎರಡು ಮೈಕ್ರೊಲೀಟರ್ ಪ್ರೊಟೀನ್, ಎರಡು ಮೈಕ್ರೊಲೀಟರ್ ಗುಳಿಯ ದ್ರಾವಣ ಬೆರೆಸುತ್ತೇವೆ. ಎರಡೂ ಸೇರಿದರೆ ಎರಡು ಮಿಲಿಮೀಟರ್ ಅಗಲದ ಒಂದು ಮಳೆಹನಿ, ಅಷ್ಟೇ. ಗುಳಿಯ ಬಾಯಿಗೆ ಗ್ರೀಸ್ ಹಚ್ಚಿ, ಗಾಜನ್ನು ಬೋರಲು ಹಾಕಿ ಮುಚ್ಚಿದರೆ ಹನಿ ತಲೆಕೆಳಗಾಗಿ ತೂಗುತ್ತದೆ. ಕೆಳಗಿನ ದ್ರಾವಣ ಹನಿಗಿಂತ ಗಟ್ಟಿ. ಹಾಗಾಗಿ ಹನಿಯ ನೀರು ಆವಿಯಾಗಿ ನಿಧಾನಕ್ಕೆ ಕೆಳಗಿಳಿಯುತ್ತದೆ. ಹನಿ ಸಣ್ಣದಾಗುತ್ತದೆ, ಪ್ರೊಟೀನಿಗೆ ಇರಲು ಜಾಗ ಸಾಲದಾಗುತ್ತದೆ. ಅವಸರವಾದರೆ ಮೊಸರಿನ ಗಸಿಯಂತೆ ಒಡೆದು ಕೂರುತ್ತದೆ. ನಿಧಾನವಾದರೆ, ಅದೃಷ್ಟವಿದ್ದರೆ, ಯಾವುದೋ ಒಂದು ಬೆಳಿಗ್ಗೆ ಸೂಕ್ಷ್ಮದರ್ಶಕದ ಕೆಳಗೆ ಅಂಚುಗಳು ಹೊಳೆಯುತ್ತವೆ.

ಹರಳು ಹುಟ್ಟಿದ ದ್ರವಕ್ಕೆ ಪ್ರಯೋಗಾಲಯದಲ್ಲಿ ಮದರ್ ಲಿಕರ್ ಎನ್ನುತ್ತಿದ್ದರು. ನಾನು ಮನಸ್ಸಿನಲ್ಲೇ ತಾಯಿನೀರು ಎಂದುಕೊಳ್ಳುತ್ತಿದ್ದೆ. ಪ್ರೊಟೀನ್ ಹರಳಿನ ಮಟ್ಟಿಗೆ ಈ ಹೆಸರಿಗೆ ಅರ್ಥ ಬಂದದ್ದು 1934ರಲ್ಲಿ. ಸ್ವೀಡನ್ನಿನ ಉಪ್ಸಾಲಾದಲ್ಲಿ ಕೆಲಸ ಮಾಡುತ್ತಿದ್ದ ಜಾನ್ ಫಿಲ್ಪಾಟ್ ಎಂಬುವರು ಪೆಪ್ಸಿನ್ ಎಂಬ ಪ್ರೊಟೀನಿನ ದ್ರಾವಣವನ್ನು ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು ಹಿಮದ ಮೇಲೆ ಜಾರುವ ಆಟಕ್ಕೆ ಹೋಗಿದ್ದರು. ಬಂದು ನೋಡಿದರೆ ಎರಡು ಮಿಲಿಮೀಟರ್ ಉದ್ದದ ಹರಳುಗಳು! ಅವು ಕೇಂಬ್ರಿಜ್‌ನ ಜೆ.ಡಿ. ಬರ್ನಾಲ್ ಅವರ ಕೈ ಸೇರಿದವು. ಹರಳನ್ನು ದ್ರವದಿಂದ ಹೊರತೆಗೆದು ಕ್ಷ-ಕಿರಣಕ್ಕೆ ಒಡ್ಡಿದರೆ ಏನೂ ಕಾಣಲಿಲ್ಲ. ಬರ್ನಾಲ್ ಗಮನಿಸಿದರು: ದ್ರವದಲ್ಲಿದ್ದಾಗ ಥಳಥಳಿಸುತ್ತಿದ್ದದ್ದು ಗಾಳಿಗೆ ಬಂದೊಡನೆ ಮಂಕಾಗುತ್ತಿದೆ. ತಾಯಿನೀರಿನ ಸಮೇತ ತೆಳು ಗಾಜಿನ ನಳಿಗೆಯಲ್ಲಿ ಮುಚ್ಚಿ ಮತ್ತೆ ಒಡ್ಡಿದರು. ಈ ಸಲ ಚಿತ್ರದಲ್ಲಿ ಚುಕ್ಕಿಗಳು ಬಂದವು, ಸಾಲು ಸಾಲಾಗಿ. ಆಗ ಅವರ ಜೊತೆಗಿದ್ದ ಹುಡುಗಿ ಡೊರೊತಿ ಕ್ರೌಫುಟ್, ಮುಂದೆ ಡೊರೊತಿ ಹಾಜ್ಕಿನ್. ಪ್ರೊಟೀನಿಗೆ ಖಚಿತವಾದ ಒಂದು ಆಕಾರ ಇದೆಯೋ ಇಲ್ಲವೋ ಎಂದು ಪಂಡಿತರೇ ಅನುಮಾನಿಸುತ್ತಿದ್ದ ಕಾಲ ಅದು. ಒದ್ದೆಯಾಗಿ ಇಟ್ಟದ್ದಷ್ಟೇ, ಇದೆ ಎಂದು ಹರಳೇ ಹೇಳಿಬಿಟ್ಟಿತು.

ಆ ಡೊರೊತಿ 1935ರಲ್ಲಿ ಇನ್ಸುಲಿನ್ ಹರಳಿನ ಮೊದಲ ಚಿತ್ರ ತೆಗೆದರು. ಅದರ ರಚನೆ ಬಿಡಿಸಿದ್ದು 1969ರಲ್ಲಿ. ಮೂವತ್ನಾಲ್ಕು ವರ್ಷ. ಕೊನೆಯ ಹಂತದಲ್ಲಿ ಆಕ್ಸ್‌ಫರ್ಡಿನ ಅವರ ಗುಂಪಿನಲ್ಲಿದ್ದ ಎಳೆಯರಲ್ಲಿ ಒಬ್ಬರು ಜಾಕಲಿನ್ ಕೆಲಸದ ವಿಜಯನ್. ತ್ರಿಶ್ಶೂರು ಕಡೆಯವರು, ಸಂಶೋಧನೆ ಕಲಿತದ್ದು ಬೆಂಗಳೂರಿನಲ್ಲಿ, ಇನ್ಸುಲಿನ್ ಮುಗಿಸಿ ವಾಪಸು ಬಂದದ್ದೂ ಬೆಂಗಳೂರಿಗೇ. ಈ ದೇಶದಲ್ಲಿ ಪ್ರೊಟೀನ್ ಹರಳಿನ ವಿದ್ಯೆ ಬೇರೂರಿದ್ದರಲ್ಲಿ ಅವರ ಪಾಲು ದೊಡ್ಡದು. 2022ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅವರ ಗುಂಪು ಬಿಡಿಸಿದ ರಚನೆಗಳ ಪಟ್ಟಿ ಓದಿದರೆ ಮಾರುಕಟ್ಟೆಗೆ ಹೋಗಿ ಬಂದಂತಾಗುತ್ತದೆ: ಕಡಲೆಕಾಯಿ, ಹಲಸು, ಬೆಳ್ಳುಳ್ಳಿ, ಬಾಳೆ, ಪಡವಲ.

ಆದರೆ ಅವರ ಕೆಲಸದಲ್ಲಿ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ನೀರಿನ ಕುರಿತದ್ದು. 1980ರ ದಶಕದಲ್ಲಿ ಅವರೂ ಅವರ ವಿದ್ಯಾರ್ಥಿಗಳೂ ಲೈಸೋಜೈಮ್‌ನಂಥ ಪ್ರೊಟೀನುಗಳ ಹರಳನ್ನು ಗಾಜಿನ ನಳಿಗೆಯ ಒಂದು ಕಡೆ ಇಟ್ಟು, ಇನ್ನೊಂದು ಕಡೆ ಲವಣದ ದ್ರಾವಣ ಇಟ್ಟು ಮುಚ್ಚುತ್ತಿದ್ದರು. ದ್ರಾವಣ ಎಷ್ಟು ಗಟ್ಟಿಯೋ ನಳಿಗೆಯೊಳಗಿನ ಗಾಳಿ ಅಷ್ಟು ಒಣ. ಬರ್ನಾಲ್ ತಪ್ಪಿಸಿದ್ದನ್ನೇ ಇವರು ಅಳೆದು ತೂಗಿ ಮಾಡಿದರು. ತೇವ ನೂರಕ್ಕೆ ತೊಂಬತ್ತರ ಆಸುಪಾಸಿಗೆ ಇಳಿದಾಗ ಕೆಲವು ಹರಳುಗಳು ಸಾಯಲಿಲ್ಲ. ಒಳಗಿಂದೊಳಗೇ ಮಗ್ಗುಲು ಬದಲಿಸಿ, ಬೇರೊಂದು ಜೋಡಣೆಗೆ ಹೊಂದಿಕೊಂಡು, ಮತ್ತೆ ಚುಕ್ಕಿ ಕೊಟ್ಟವು. ಹೀಗೆ ಒಂದಿಷ್ಟು ನೀರು ಹೋದಾಗ ಪ್ರೊಟೀನಿನ ಯಾವ ಭಾಗ ಕದಲುತ್ತದೆ ಎಂದು ನೋಡಿದರೆ, ಅದು ಕಿಣ್ವವಾಗಿ ಕೆಲಸ ಮಾಡುವಾಗ ಕದಲುವುದಕ್ಕೂ ಇದಕ್ಕೂ ನಂಟಿದ್ದ ಹಾಗೆ ಕಂಡಿತು. ಹರಳಿನ ಸುತ್ತಲಿನ ನೀರು ಬರೀ ಪ್ಯಾಕಿಂಗ್ ಸಾಮಾನಲ್ಲ, ಆ ಅಣುವಿನ ಬದುಕಿನ ಒಂದು ಪಾಲು. ಬೆಂಗಳೂರಿನ ಹವೆಯಲ್ಲಿ ಬೇಸಿಗೆಗೂ ಮಳೆಗಾಲಕ್ಕೂ ಎಷ್ಟು ವ್ಯತ್ಯಾಸ ಎಂದು ಹಪ್ಪಳ ಒಣಗಿಸುವವರಿಗೆ ಗೊತ್ತು. ಆ ವ್ಯತ್ಯಾಸವನ್ನು ಒಂದು ನಳಿಗೆಯೊಳಗೆ ಹಿಡಿದಿಟ್ಟು ಪ್ರಶ್ನೆ ಕೇಳಿದರಲ್ಲ ಎಂದು ನನಗೆ ಈಗಲೂ ಸೋಜಿಗ.

ನನ್ನ ಕೈಯಲ್ಲಿ ಹಾಳಾದ ಮೊದಲ ಹರಳಿನ ನೆನಪು ಹಾಗೇ ಇದೆ. ಏಪ್ರಿಲ್ ತಿಂಗಳು. ಮೂರು ವಾರ ಕಾದು ಬಂದದ್ದು, ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿದ್ದ ಚೌಕ ಹರಳು. ಕವರ್‌ಸ್ಲಿಪ್ ತೆಗೆದು ಮೇಲ್ಮುಖ ಮಾಡಿ ಇಟ್ಟೆ. ಯಾರೋ ಬಾಗಿಲಲ್ಲಿ ನಿಂತು ಏನೋ ಕೇಳಿದರು, ತಿರುಗಿ ಉತ್ತರ ಕೊಟ್ಟೆ. ಮತ್ತೆ ಕಣ್ಣಿಟ್ಟು ನೋಡುವಷ್ಟರಲ್ಲಿ ಹನಿಯ ಮೇಲೆ ಕೆನೆ ಕಟ್ಟಿತ್ತು, ಹರಳಿನ ಮೈಮೇಲೆ ಕೂದಲೆಳೆಯಂಥ ಬಿರುಕುಗಳು. ಎರಡು ನಿಮಿಷವೂ ಆಗಿರಲಿಲ್ಲ. ಆಮೇಲೆ ಕಲಿತೆ. ನೈಲಾನ್ ಎಳೆಯ ಪುಟ್ಟ ಕುಣಿಕೆಯನ್ನು ಹರಳಿನ ಕೆಳಗಿನಿಂದ ತಂದು, ಮುಟ್ಟದೆ, ಅದು ತಾನಾಗಿ ದ್ರವದ ಪೊರೆಯೊಡನೆ ಕುಣಿಕೆಗೆ ಕೂರುವ ಹಾಗೆ ಎತ್ತಬೇಕು. ಮಗುವನ್ನು ತೊಟ್ಟಿಲಿನಿಂದ ಎತ್ತುವಾಗ ಕುತ್ತಿಗೆಗೆ ಕೈ ಕೊಡುವ ಹಾಗೆ. ಉಸಿರು ಕೂಡ ಪಕ್ಕಕ್ಕೆ ಬಿಡುತ್ತಿದ್ದೆ.

ಎತ್ತಿದ ಮೇಲೆ ದ್ರವ ಸಾರಜನಕದಲ್ಲಿ ಅದ್ದಬೇಕು, ಮೈನಸ್ 196 ಡಿಗ್ರಿ. ಇಲ್ಲದಿದ್ದರೆ ಕ್ಷ-ಕಿರಣದ ಹೊಡೆತಕ್ಕೆ ಹರಳು ಬೇಗ ಸವೆದುಹೋಗುತ್ತದೆ. ಆದರೆ ಒಳಗಿರುವುದು ಅರ್ಧ ನೀರಲ್ಲವೆ? ನೀರು ಮಂಜುಗಡ್ಡೆಯಾದರೆ ಹಿಗ್ಗಿ ಹರಳನ್ನೇ ಸೀಳುತ್ತದೆ. ಅದಕ್ಕೆ ಮೊದಲೇ ಸ್ವಲ್ಪ ಗ್ಲಿಸರಾಲ್ ಕುಡಿಸಿ, ಥಟ್ಟನೆ ತಣಿಸುತ್ತಾರೆ. ಆಗ ನೀರು ಗಡ್ಡೆಯಾಗಲು ಸಮಯ ಸಿಗದೆ ಗಾಜಿನಂತೆ ನಿಂತುಬಿಡುತ್ತದೆ. ಅಡುಗೆಮನೆಯಲ್ಲಿ ಇದಕ್ಕೆ ಸಾಕ್ಷಿಯಿದೆ. ಸಕ್ಕರೆ ಪಾಕವನ್ನು ವಾರಗಟ್ಟಲೆ ಬಿಟ್ಟರೆ ಕಲ್ಲುಸಕ್ಕರೆ, ಅಂದರೆ ಹರಳು. ಅದೇ ಪಾಕವನ್ನು ಕಾಯಿಸಿ ಬೇಗ ಆರಿಸಿದರೆ ಚಿಕ್ಕಿಯ ಗಾಜು. ಪ್ರೊಟೀನು ಕಲ್ಲುಸಕ್ಕರೆಯಾಗಿರಬೇಕು, ಅದರೊಳಗಿನ ನೀರು ಚಿಕ್ಕಿಯಾಗಿರಬೇಕು.

ಇನ್ನು ಚುಕ್ಕಿಗಳ ಮಾತು. ಹರಳನ್ನು ಕಿರಣದ ದಾರಿಯಲ್ಲಿ ಕೂರಿಸಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ನೂರಾರು ಚಿತ್ರ ತೆಗೆಯುತ್ತಾರೆ. ಪ್ರತಿ ಚಿತ್ರವೂ ಚುಕ್ಕಿ ರಂಗೋಲಿ. ಎಳೆ ಎಳೆಯುವ ಮೊದಲಿನ, ಬರೀ ಚುಕ್ಕಿ ಇಟ್ಟ ಅಂಗಳ. ಒಂದು ವಿಚಿತ್ರ ಏನೆಂದರೆ, ಇಲ್ಲಿ ಎಲ್ಲವೂ ತಿರುವುಮುರುವು. ಹರಳಿನೊಳಗೆ ಸಾಲು ಸಾಲಾಗಿ ಮರುಕಳಿಸುವ ಅಣುವಿನ ಮನೆ ದೊಡ್ಡದಾದಷ್ಟೂ ಚುಕ್ಕಿಗಳು ಒತ್ತೊತ್ತಾಗಿ ಬೀಳುತ್ತವೆ. ಮನೆ ಚಿಕ್ಕದಾದರೆ ಚುಕ್ಕಿಗಳು ದೂರ ದೂರ. ಹಾಗಾಗಿ ಮೊದಲ ಚಿತ್ರದಲ್ಲೇ ನಾಲ್ಕಾರು ದಪ್ಪ ಚುಕ್ಕಿ ಅಲ್ಲೊಂದು ಇಲ್ಲೊಂದು ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ಬೆಳೆಸಿದ್ದು ಉಪ್ಪು. ಸಣ್ಣ ಚುಕ್ಕಿಗಳು ಸಾಸಿವೆ ಚೆಲ್ಲಿದ ಹಾಗೆ ಒತ್ತಾಗಿ ಬಂದರೆ ಪ್ರೊಟೀನ್.

ಮಿಲಿಮೀಟರಿನ ಹತ್ತನೇ ಭಾಗದ ಹರಳಿನಲ್ಲಿ ಒಂದು ಅಂಚಿನ ಉದ್ದಕ್ಕೆ ಹತ್ತು ಸಾವಿರ ಮನೆ ಎಂದಿಟ್ಟುಕೊಳ್ಳಿ. ಒಟ್ಟು ಲಕ್ಷ ಕೋಟಿ ಮನೆ. ಅಷ್ಟೂ ಮನೆಗಳಲ್ಲಿ ಅಣು ಒಂದೇ ಭಂಗಿಯಲ್ಲಿ ಕೂತಿದೆ. ಒಂದು ಅಣು ಒಂಟಿಯಾಗಿ ಚದುರಿಸುವ ಕಿರಣ ನಮಗೆ ಕೇಳಿಸದಷ್ಟು ಕ್ಷೀಣ. ಲಕ್ಷ ಕೋಟಿ ಅಣುಗಳು ಒಂದೇ ದನಿಯಲ್ಲಿ ನುಡಿದಾಗ ಒಂದು ಚುಕ್ಕಿ ಮೂಡುತ್ತದೆ.

ಆ ಚುಕ್ಕಿ ಹೇಳುವುದಾದರೂ ಅರ್ಧ ಮಾತು. ಸಂಜೆ ಉಲ್ಲಾಳ ಕೆರೆಯ ಏರಿಯ ಮೇಲೆ ನಿಂತು ನೀರು ನೋಡುವಾಗ ನನಗೆ ಇದು ಸ್ಪಷ್ಟವಾಗುತ್ತದೆ. ಎಲ್ಲೋ ಮೀನು ಎಗರಿತು, ಎಲ್ಲೋ ಹಕ್ಕಿ ಮುಳುಗಿತು. ಅಲೆಗಳೆಲ್ಲ ಬೆರೆತು ದಡಕ್ಕೆ ಬರುತ್ತವೆ. ಪ್ರತಿ ಅಲೆ ಎಷ್ಟು ಎತ್ತರ ಎಂದು ಅಳೆದಿಟ್ಟು, ಯಾವ ಗಳಿಗೆಯಲ್ಲಿ ದಡ ಮುಟ್ಟಿತು ಎಂಬುದನ್ನು ಬರೆದುಕೊಳ್ಳದೇ ಹೋದರೆ ಮೀನು ಎಗರಿದ ಜಾಗ ಹೇಗೆ ಹೇಳುವುದು? ಕ್ಷ-ಕಿರಣದ ಚುಕ್ಕಿಯಲ್ಲೂ ಹಾಗೇ. ಅಲೆಯ ಬಲ ದಾಖಲಾಗುತ್ತದೆ, ಅದರ ಗಳಿಗೆ ಕಳೆದುಹೋಗುತ್ತದೆ. ಹರಳಿನವರು ಇದನ್ನು ಫೇಸ್ ಸಮಸ್ಯೆ ಎನ್ನುತ್ತಾರೆ. ಕಳೆದ ಆ ಅರ್ಧವನ್ನು ಹುಡುಕುವ ಬಗೆಗಳಲ್ಲಿ ಒಂದಕ್ಕೆ ಈ ಊರಿನ ಋಣವೂ ಇದೆ. ಎರಡು ಬೇರೆ ಬೇರೆ ತರಂಗಾಂತರದ ಕಿರಣ ಬಳಸಿ, ಪರಮಾಣುವೊಂದರ ಅಸಹಜ ಚದುರುವಿಕೆಯಿಂದ ಈ ಗಂಟು ಬಿಚ್ಚಬಹುದು ಎಂದು ಎಸ್. ರಾಮಶೇಷನ್ ಮತ್ತು ಸಂಗಡಿಗರು 1957ರಲ್ಲೇ ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳಿನ ಮೇಲೆ ತೋರಿಸಿದ್ದರು. ಆ ಬಗೆಯ ಯೋಚನೆ ಪ್ರೊಟೀನುಗಳ ಲೋಕದಲ್ಲಿ ಹಬ್ಬಿದ್ದು ಮೂರು ದಶಕ ಕಳೆದ ಮೇಲೆ.

ಗಳಿಗೆ ಸಿಕ್ಕ ಮೇಲೆ ಗಣಕದ ತೆರೆಯ ಮೇಲೆ ನೀಲಿ ಬಲೆಯಂಥ ನಕ್ಷೆ ಮೂಡುತ್ತದೆ. ಬಲೆ ದಟ್ಟವಾಗಿರುವ ಕಡೆ ಪರಮಾಣುಗಳಿವೆ. ಅದರೊಳಗೆ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಕೂರಿಸುತ್ತ ಹೋಗಬೇಕು. ಇಲ್ಲಿ ಅಪಾಯ ಸೂಜಿ ಮೊನೆಯದ್ದಲ್ಲ, ಮನಸ್ಸಿನದು. ನೀವು ಏನನ್ನು ಕೂರಿಸುತ್ತೀರೋ ಮುಂದಿನ ಲೆಕ್ಕದ ಗಳಿಗೆಗಳು ಅದರಿಂದಲೇ ಹುಟ್ಟುತ್ತವೆ. ಹಾಗಾಗಿ ಮುಂದಿನ ನಕ್ಷೆ ನಿಮ್ಮ ಮಾತಿಗೇ ತಲೆಯಾಡಿಸುತ್ತದೆ. ನಾನೊಮ್ಮೆ ಹಾಗೆ ಸಕ್ಕರೆ ಕಂಡೆ. ಪ್ರೊಟೀನಿನ ಪೊಟರೆಯಲ್ಲಿ ಒಂದು ಮುದ್ದೆ ಬೆಳಕು, ನಾವು ಹುಡುಕುತ್ತಿದ್ದದ್ದೂ ಸಕ್ಕರೆಯನ್ನೇ. ಕೂರಿಸಿದೆ, ಲೆಕ್ಕ ಓಡಿಸಿದೆ, ಬೆಳಕು ಇನ್ನಷ್ಟು ಸಕ್ಕರೆಯ ಆಕಾರಕ್ಕೆ ಬಂತು. ಖುಷಿಗೆ ಊಟ ಸೇರಲಿಲ್ಲ. ಹಿರಿಯರೊಬ್ಬರು ಬಂದು ನೋಡಿ, "ಒಂದ್ಸಲ ಅದನ್ನ ತೆಗೆದು ಲೆಕ್ಕ ಹಾಕಮ್ಮ. ಇದ್ದರೆ ತಾನೇ ಬರ್ತದೆ" ಎಂದರು. ತೆಗೆದೆ. ಬರಲಿಲ್ಲ. ಎರಡು ಮೂರು ನೀರಿನ ಅಣು ಒತ್ತಾಗಿ ನಿಂತಿದ್ದವು, ಅಷ್ಟೇ. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ದುಃಖಕ್ಕಿಂತ ಹೆಚ್ಚಾಗಿ ಒಂದು ಬಗೆಯ ಬೆರಗು ತುಂಬಿಕೊಂಡಿತ್ತು. ಇಲ್ಲವೆಂದು ಮಾಡಿದ ಮೇಲೂ ತಾನಾಗಿ ತಿರುಗಿ ಬರುವುದು ಯಾವುದೋ ಅದು ನಿಜ. ಹರಳನ್ನು ಮುಟ್ಟದೆ ಎತ್ತಬೇಕು ಎಂದು ಕೈ ಕಲಿತಿತ್ತು. ನಕ್ಷೆಯನ್ನೂ ಹಾಗೆಯೇ ಎತ್ತಬೇಕು ಎಂದು ಕಣ್ಣಿಗೆ ಗೊತ್ತಾಗಿರಲಿಲ್ಲ.

ನಕ್ಷೆಯಲ್ಲಿ ನಮ್ಮ ಆಸೆಯನ್ನೇ ಕಾಣುವ ಈ ತಪ್ಪನ್ನು ತಡೆಯಲೆಂದೇ 1992ರಲ್ಲಿ ಆಕ್ಸೆಲ್ ಬ್ರುಂಗರ್ ಎಂಬುವರು ಒಂದು ಉಪಾಯ ಹೇಳಿದರು. ಅಳೆದ ಚುಕ್ಕಿಗಳಲ್ಲಿ ನೂರಕ್ಕೆ ಐದೋ ಹತ್ತೋ ಪಾಲನ್ನು ಮೊದಲೇ ಎತ್ತಿಟ್ಟು, ರಚನೆ ತಿದ್ದುವಾಗ ಅವನ್ನು ಬಳಸದಿರುವುದು. ತಿದ್ದಿದ್ದು ಸರಿಯಾಗಿದ್ದರೆ, ನೋಡದೇ ಉಳಿಸಿದ ಆ ಚುಕ್ಕಿಗಳಿಗೂ ಅದು ಹೊಂದಬೇಕು. ಪಂಚಾಯಿತಿ ನಡೆಯುವಾಗ ಕಟ್ಟೆಯ ಮಾತು ಕಿವಿಗೆ ಬೀಳದ ಹಾಗೆ ದೂರ ಕೂರಿಸಿದ ಸಾಕ್ಷಿಯ ಹಾಗೆ. ಎಷ್ಟೋ ಸಾವಿರ ಸಂಶೋಧಕರು ದಿನವೂ ತಮ್ಮ ಆಸೆಯ ವಿರುದ್ಧ ಒಬ್ಬ ಸಾಕ್ಷಿಯನ್ನು ತಾವೇ ಕಾದಿಡುತ್ತಾರೆ ಎಂಬುದು ನನಗೆ ಈ ವಿದ್ಯೆಯಲ್ಲಿ ಅತಿ ಸುಂದರವಾಗಿ ಕಂಡದ್ದು.

ಕಡಲೆಕಾಯಿಯ ಕಥೆ ನನಗೆ ಅದಕ್ಕೇ ಇಷ್ಟ. ಬಸವನಗುಡಿಯ ಪರಿಷೆಯಲ್ಲಿ ರಾಶಿ ಸುರಿಯುವ ಅದೇ ಕಡಲೆಕಾಯಿ. ಅದರ ಲೆಕ್ಟಿನ್ ಹರಳು ವಿಜಯನ್ ಮತ್ತು ಎ. ಸುರೋಲಿಯಾ ಅವರ ಗುಂಪುಗಳಿಗೆ 1980ರ ದಶಕದ ಆರಂಭದಲ್ಲೇ ಸಿಕ್ಕಿತ್ತು. ರಚನೆ ಹೊರಬಂದದ್ದು 1994ರಲ್ಲಿ. ಒಂದೇ ಬಗೆಯ ನಾಲ್ಕು ತುಂಡು ಸೇರಿ ಒಂದು ಅಣು. ಅಂಥ ನಾಲ್ಕು ಸೇರಿದರೆ ಹೀಗೆ ಅಥವಾ ಹಾಗೆ, ಇಂತಿಷ್ಟೇ ಸಮ್ಮಿತಿಯಲ್ಲಿ ಕೂರಬೇಕು ಎಂಬುದು ಎಲ್ಲರೂ ನಂಬಿದ್ದ ಪಾಠ. ಕಡಲೆಕಾಯಿಯ ನಾಲ್ಕು ತುಂಡುಗಳು ಆ ಪಾಠ ಓದಿರಲಿಲ್ಲ. ಎರಡಕ್ಕೆರಡು ಜೋಡಿಯಾಗಿ ಕೂತಿದ್ದರೂ ಒಟ್ಟು ನಾಲ್ಕಕ್ಕೂ ಸೇರಿ ಆ ಸಮ್ಮಿತಿ ಇರಲಿಲ್ಲ, ಜೋಡಣೆ ಒಂದು ಕಡೆಗೆ ತೆರೆದಿತ್ತು. ಹೀಗಿರಲು ಸಾಧ್ಯವಿಲ್ಲ ಎಂದು ನಕ್ಷೆಯನ್ನು ಒತ್ತಿ ಸರಿಮಾಡಿಬಿಡುವುದು ಸುಲಭವಿತ್ತು. ಅವರು ಒತ್ತಲಿಲ್ಲ. ಪರಿಷೆಯಲ್ಲಿ ಸೇರಿನ ಲೆಕ್ಕದಲ್ಲಿ ಕಾಯಿ ಕೊಳ್ಳುವಾಗ, ಒಂದನ್ನು ಬೆರಳಲ್ಲಿ ಒತ್ತಿ ಒಡೆಯುವಾಗ, ನನಗೆ ಆ ಸಂಯಮ ನೆನಪಾಗುತ್ತದೆ.

ಮೊನ್ನೆ ಪಕ್ಕದ ಮನೆಯ ಹುಡುಗಿ ಬಂದಿದ್ದಳು. ಮೈಸೂರು ರಸ್ತೆ ಕಡೆಯ ಕಾಲೇಜೊಂದರಲ್ಲಿ ಎಂ.ಎಸ್ಸಿ. ಓದುತ್ತಾಳೆ. ಕೋಳಿಮೊಟ್ಟೆಯ ಬಿಳಿಯಿಂದ ಬರುವ ಲೈಸೋಜೈಮ್ ಹರಳು ಬೆಳೆಸುವ ಪಾಠ ನಡೆಯುತ್ತಿದೆಯಂತೆ. ಸೂಕ್ಷ್ಮದರ್ಶಕದ ಕಣ್ಣಿಗೆ ಮೊಬೈಲ್ ಒತ್ತಿ ತೆಗೆದ ಫೋಟೊ ತೋರಿಸಿದಳು. ಮಸುಕು ಬೆಳಕಿನ ವೃತ್ತದ ನಡುವೆ ಚೂಪು ಅಂಚಿನದೊಂದು.

"ಆಂಟಿ, ಇದು ಪ್ರೊಟೀನಾ ಉಪ್ಪಾ? ಸೂಜಿ ತಗೊಂಡು ಚುಚ್ಚಿ ನೋಡಿದ್ರೆ ಗೊತ್ತಾಗುತ್ತೆ ಅಂತಾರೆ."

"ಎಷ್ಟಿವೆ ಅಂಥವು?"

"ಒಂದೇ."

ಫೋಟೊ ದೊಡ್ಡದು ಮಾಡಿ ಇಬ್ಬರೂ ನೋಡಿದೆವು. ಅಂಚು ಕನ್ನಡಿಯಷ್ಟು ತಿಳಿ, ಒಳಗೆ ಒಂದು ಗೆರೆಯಿಲ್ಲ.

"ಚುಚ್ಚಬೇಡ ಕಣೇ. ಗ್ರೀಸು ಸರಿಯಾಗಿ ಕೂತಿದೆಯಾ ನೋಡ್ಕೋ, ತಟ್ಟೆ ಅಲ್ಲಾಡಿಸದೆ ಇದ್ದಲ್ಲೇ ಇಡು. ಸೋಮವಾರ ಇನ್ನೊಂದ್ಸಲ ನೋಡು."

ಅವಳು ಫೋನು ಚೀಲಕ್ಕೆ ಹಾಕಿಕೊಂಡಳು. ಹೊರಗೆ ಮತ್ತೆ ಮಳೆ ಹನಿಯತೊಡಗಿತ್ತು. ಒಣಹಾಕಿದ್ದ ಬೀಜಗಳನ್ನು ಇಬ್ಬರೂ ಸೇರಿ ಪಂಚೆಯ ಸಮೇತ ಒಳಗೆ ತಂದೆವು.